ಕೊಂಡ ಹಂತ, ನಡೆದ ದಾರಿ

ಕಳೆದ ಮಳೆಗಾಲದ ಒಂದು ಭಾನುವಾರ. ಧರ್ಮೋಪದೇಶದ ತರಗತಿ ಮುಗಿದು ಮಕ್ಕಳೆಲ್ಲ ಕೊಡೆ ಬಿಡಿಸಿಕೊಂಡು ಮನೆಯತ್ತ ಹೊರಟಿದ್ದರು. ಹದಿನಾರರ ಹರೆಯದ ಹುಡುಗನೊಬ್ಬ ಮಾತ್ರ ದೇವಾಲಯದ ಮೊಗಸಾಲೆಯಲ್ಲಿ ನಿಂತೇ ಇದ್ದ. ಸದಾ ನಗುತ್ತಿದ್ದ ಮುಖ ಅಂದು ಬಾಡಿತ್ತು. ಕಾರಣ ಕೇಳಿದಾಗ ಆತ ಹೇಳಿದ್ದು ಇಷ್ಟೇ: “ಅಣ್ಣ ಬಂದ ಫಾದರ್, ಆದರೆ ನನ್ನ ಜೊತೆ ಬರಲಿಲ್ಲ.”

ಆತನ ಅಣ್ಣ ಕೊಲ್ಲಿ ರಾಷ್ಟ್ರವೊಂದರ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಿದ್ದಾನೆ. ರಜೆಯಲ್ಲಿ ಊರಿಗೆ ಬಂದಿರಬೇಕೆಂದು ನಾನು ಭಾವಿಸಿದೆ. ಆದರೆ ಅಣ್ಣ ಬಂದದ್ದು ಮಂಗಳೂರಿಗಲ್ಲ, ಒಂದು ಆನ್‌ಲೈನ್ ಆಟದೊಳಕ್ಕೆ. ತಮ್ಮ ಎರಡು ವರ್ಷಗಳಿಂದ ಆಡುತ್ತಿದ್ದ ಆಟಕ್ಕೆ ತಾನೂ ಸೇರುವೆನೆಂದು ಅಣ್ಣ ಮಾತು ಕೊಟ್ಟಿದ್ದ. ಮೊದಲ ಹಳ್ಳಿಯಿಂದಲೇ ಅಣ್ಣನನ್ನು ಕರೆದುಕೊಂಡು ಹೊರಡಬೇಕು, ಯಾವ ಕಾಡಿನಲ್ಲಿ ಯಾವ ಅಪಾಯವಿದೆ, ಯಾವ ಹಾದಿ ಎಲ್ಲಿಗೆ ಸೇರುತ್ತದೆ ಎಂಬುದನ್ನೆಲ್ಲ ತೋರಿಸಬೇಕು ಎಂದು ತಮ್ಮ ಕಾದಿದ್ದ. “ಸೈಕಲ್ ಕಲಿಸಿದ್ದು, ಲೆಕ್ಕ ಹೇಳಿಕೊಟ್ಟದ್ದು ಎಲ್ಲ ಅಣ್ಣನೇ. ಇದೊಂದನ್ನಾದರೂ ನಾನು ಅವನಿಗೆ ಕಲಿಸಬೇಕೆಂದಿದ್ದೆ” ಎಂದ.

ಆದರೆ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬರುವ ಅಣ್ಣನಿಗೆ ಸಮಯವೆಲ್ಲಿ? ಆತ ಹಣ ತೆತ್ತು, ತಮ್ಮ ಎರಡು ವರ್ಷಗಳಲ್ಲಿ ಏರಿದ್ದ ಹಂತಕ್ಕೆ ಒಂದೇ ಕ್ಷಣದಲ್ಲಿ ಬಂದು ನಿಂತ. ಅದೇ ರಾತ್ರಿ ಇಬ್ಬರೂ ಬೇರೆ ಕೆಲವರೊಂದಿಗೆ ಗುಂಪಾಗಿ ಹೊರಟರು. ಅಣ್ಣನ ಪಾತ್ರಕ್ಕೆ ಬಲವಿತ್ತು. ಅದನ್ನು ನಡೆಸುವ ಬಗೆ ಅವನಿಗೆ ತಿಳಿದಿರಲಿಲ್ಲ. ಗುಂಪು ಸೋತಿತು. ಅಪರಿಚಿತರು ಗೇಲಿ ಮಾಡಿದರು. ಆತ ಹೊರಟುಹೋದವನು ಮತ್ತೆ ಬರಲಿಲ್ಲ.

“ಇಷ್ಟಕ್ಕೇಕೆ ಬೇಸರ? ಆಟವೇ ತಾನೇ! ಹೋಗಿ ಓದು” ಎಂದೆ. “ಆಯಿತು ಫಾದರ್” ಎಂದು ಹುಡುಗ ಮಳೆಯಲ್ಲೇ ಹೊರಟುಹೋದ. ಆ ರಾತ್ರಿ ನನ್ನ ಮಾತು ನನಗೇ ಚುಚ್ಚತೊಡಗಿತು. ಆತ ನನ್ನ ಬಳಿಗೆ ತಂದಿದ್ದು ಒಂದು ನೈತಿಕ ಪ್ರಶ್ನೆಯನ್ನು. ಹಣದಿಂದ ಕೊಂಡ ಸ್ಥಾನ ಮನುಷ್ಯರ ನಡುವಣ ಬಾಂಧವ್ಯಕ್ಕೆ ಹಾನಿ ಮಾಡುತ್ತದೆಯೇ? ಮನೆಯವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ, ಆ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಆಟದೊಳಗೊಂದು ಸಮುದಾಯ

ಇಂಥ ಆಟಗಳಿಗೆ ‘ರೋಲ್ ಪ್ಲೇಯಿಂಗ್’ ಆಟಗಳೆಂದು ಹೆಸರು. ಆಟಗಾರ ಒಂದು ಪಾತ್ರವನ್ನು ತಾಳಿ, ಸಾವಿರಾರು ಜನ ಏಕಕಾಲದಲ್ಲಿ ಸಂಚರಿಸುವ ಕಾಲ್ಪನಿಕ ಲೋಕವೊಂದನ್ನು ಪ್ರವೇಶಿಸುತ್ತಾನೆ. ನಮ್ಮ ಜಿಲ್ಲೆಯವರಿಗೆ ಇದನ್ನು ಯಕ್ಷಗಾನದ ಮೂಲಕ ವಿವರಿಸಬಹುದು. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಸಂಪ್ರದಾಯದಂತೆ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ, ವರ್ಷಗಳ ಅಭ್ಯಾಸದ ಬಳಿಕ ಪುಂಡುವೇಷಕ್ಕೂ ಕಿರೀಟವೇಷಕ್ಕೂ ಏರುತ್ತಾನೆ. ಈ ಆಟಗಳಲ್ಲಿಯೂ ಹಾಗೆ. ಒಂದನೆಯ ಹಂತದಿಂದ ಆರಂಭಿಸಿ, ಕೆಲಸ ಪೂರೈಸುತ್ತ, ಸೋಲುತ್ತ, ಕಲಿಯುತ್ತ ಮೇಲೇರಬೇಕು. 2004ರಲ್ಲಿ ಬಿಡುಗಡೆಯಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಆಗ ಅದರ ಕೊನೆಯ ಹಂತ 60. ಅಲ್ಲಿಗೆ ತಲುಪಿದವರಿಗೆ 40 ಜನ ಒಟ್ಟಾಗಿ ನಿಂತರೆ ಮಾತ್ರ ಗೆಲ್ಲಬಹುದಾದ ಸವಾಲುಗಳಿದ್ದವು. ಒಬ್ಬ ಗಾಯ ಮಾಯಿಸಬೇಕು, ಇನ್ನೊಬ್ಬ ಏಟು ತಾಳಿಕೊಳ್ಳಬೇಕು, ಮತ್ತೊಬ್ಬ ದಾರಿ ತೋರಬೇಕು. ಹೀಗಾಗಿ ಆಟಗಾರರು ‘ಗಿಲ್ಡ್’ ಎಂಬ ಸಂಘಗಳನ್ನು ಕಟ್ಟಿಕೊಂಡರು.

ಪರದೆಯ ಮೇಲಿನ ಇಂಥ ಒಡನಾಟವನ್ನು ನಿಜವಾದ ಸಮುದಾಯವೆನ್ನಬಹುದೇ ಎಂದು ಹೆತ್ತವರು ಕೇಳುವುದು ಸಹಜ. ನಾನೂ ಕೇಳಿದ್ದೆ. ನನ್ನ ಉತ್ತರವನ್ನು ಬದಲಿಸಿದ್ದು ನಾರ್ವೆ ದೇಶದ ಮ್ಯಾಟ್ಸ್ ಸ್ಟೇನ್ ಎಂಬ ಯುವಕನ ಕಥೆ. ಸ್ನಾಯುಗಳು ಕ್ರಮೇಣ ಬಲಗುಂದುವ ಡುಷೆನ್ ಎಂಬ ವಂಶವಾಹಿ ರೋಗ ಆತನನ್ನು ಗಾಲಿಕುರ್ಚಿಗೆ ಕಟ್ಟಿಹಾಕಿತ್ತು. 2014ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ಆತ ತೀರಿಕೊಂಡಾಗ, ಮಗ ಒಂಟಿಯಾಗಿ ಬಾಳಿ ಒಂಟಿಯಾಗಿ ಹೋದನೆಂದು ತಂದೆತಾಯಿ ಮರುಗಿದರು. ಆತನ ಬ್ಲಾಗಿನಲ್ಲಿ ತಂದೆ ಸಾವಿನ ಸುದ್ದಿ ಪ್ರಕಟಿಸಿದ್ದೇ ತಡ, ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ‘ಸ್ಟಾರ್‌ಲೈಟ್’ ಎಂಬ ಗಿಲ್ಡ್‌ನಲ್ಲಿ ಆತ ಅನೇಕರ ಆಪ್ತ ಗೆಳೆಯನಾಗಿದ್ದ. ಅವರ ಕಷ್ಟಗಳಿಗೆ ಕಿವಿಯಾಗಿದ್ದ. ಅವರಲ್ಲಿ ಕೆಲವರು ವಿದೇಶಗಳಿಂದ ಪ್ರಯಾಣ ಮಾಡಿ ಅಂತ್ಯಕ್ರಿಯೆಗೆ ಬಂದರು. 2024ರಲ್ಲಿ ಆತನ ಜೀವನದ ಕುರಿತು ಸಾಕ್ಷ್ಯಚಿತ್ರವೂ ತೆರೆಕಂಡಿತು. ದುಃಖದಲ್ಲಿ ಜೊತೆಗೂಡುವವರನ್ನು ಸಮುದಾಯವೆನ್ನದೆ ಬೇರೇನೆನ್ನೋಣ?

ಜೊತೆಯಾಗಿ ಉಪ್ಪು ಉಂಡ ಹೊರತು ಮನುಷ್ಯರು ಒಬ್ಬರನ್ನೊಬ್ಬರು ಅರಿಯಲಾರರೆಂಬ ನಾಣ್ಣುಡಿಯನ್ನು ತತ್ತ್ವಜ್ಞಾನಿ ಅರಿಸ್ಟಾಟಲ್ ಗೆಳೆತನದ ಚರ್ಚೆಯಲ್ಲಿ ನೆನಪಿಸುತ್ತಾನೆ. ಗೆಳೆತನಕ್ಕೆ ಕಾಲ ಬೇಕು ಎಂಬುದು ಅದರ ತಾತ್ಪರ್ಯ. ಮನಸ್ಸಿಗೆ ಆಟದ ವಿಶ್ರಾಂತಿ ಬೇಕೆಂದು ಸಂತ ಥಾಮಸ್ ಅಕ್ವಿನಾಸರೂ ಒಪ್ಪುತ್ತಾರೆ. ಸದಾ ಬಾಗಿಸಿಟ್ಟ ಬಿಲ್ಲು ಮುರಿದೀತೆಂಬ ಹಳೆಯ ದೃಷ್ಟಾಂತವನ್ನು ಅವರು ಉದಾಹರಿಸುತ್ತಾರೆ. ಆದುದರಿಂದ ‘ಆಟವೇ ತಾನೇ’ ಎಂಬ ನನ್ನ ಮಾತು ಅವಸರದ್ದಾಗಿತ್ತು.

ಮಾರಾಟಕ್ಕೆ ಬಂದ ಹಂತ

2014ರಲ್ಲಿ ಅದೇ ಆಟದ ಕಂಪನಿ 90ನೆಯ ಹಂತವನ್ನು 60 ಡಾಲರಿಗೆ ಮಾರಾಟಕ್ಕಿಟ್ಟಿತು. ಇದಕ್ಕೆ ‘ಬೂಸ್ಟ್’ ಎಂದು ಹೆಸರು. 2019ರಲ್ಲಿ, ಹಳೆಯ ಆಟವೇ ಬೇಕೆಂದು ಬಯಸಿದವರಿಗಾಗಿ ಅದರ ಮೂಲರೂಪವನ್ನು ಮತ್ತೆ ತೆರೆಯಲಾಯಿತು. 2021ರಲ್ಲಿ ಅದಕ್ಕೆ ಎರಡನೆಯ ಭಾಗ ಸೇರಿದಾಗ, ಹೊಸ ಪ್ರದೇಶಕ್ಕೆ ಕಾಲಿಡಲು ಬೇಕಾದ 58ನೆಯ ಹಂತವೂ 40 ಡಾಲರಿಗೆ, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ರೂಪಾಯಿಗೆ, ದೊರೆಯತೊಡಗಿತು. ಹೊಸಬರು ತಮ್ಮ ಗೆಳೆಯರನ್ನು ಬೇಗ ಕೂಡಿಕೊಳ್ಳಲೆಂಬುದು ಅದಕ್ಕಿದ್ದ ಸಮರ್ಥನೆ. ಒಂದು ಖಾತೆಗೆ ಒಂದೇ ಬೂಸ್ಟ್ ಎಂಬ ಮಿತಿಯೂ ಇತ್ತು. ಆದರೂ ಹಳಬರಲ್ಲಿ ಅನೇಕರು ಕೆರಳಿದರು. “ನಾವು ತಿಂಗಳುಗಟ್ಟಲೆ ಬೆವರು ಸುರಿಸಿ ಏರಿದ್ದನ್ನು ಇವರು ದುಡ್ಡು ಬಿಸಾಡಿ ಪಡೆಯುವುದೇ?” ಎಂಬುದು ಅವರ ದೂರಿನ ಸಾರ.

ಈ ದೂರನ್ನು ಕೇಳಿದೊಡನೆ ಸಂತ ಮತ್ತಾಯರ ಶುಭಸಂದೇಶದ ದ್ರಾಕ್ಷಾತೋಟದ ಸಾಮತಿ ನೆನಪಾಗದಿರದು. ಮುಂಜಾನೆಯಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಒಂದೇ ಗಂಟೆ ದುಡಿದವರಿಗೂ ತೋಟದ ಒಡೆಯ ಒಂದೇ ಕೂಲಿ ಕೊಟ್ಟ. ಮೊದಲಿನವರು ಗೊಣಗಿದರು. ಒಡೆಯ ಅವರ ಪರ ವಹಿಸಲಿಲ್ಲ. ತನ್ನ ಔದಾರ್ಯ ಕಂಡು ನಿಮಗೇಕೆ ಹೊಟ್ಟೆಯುರಿ ಎಂದು ಕೇಳಿದ. ಹಾಗಾದರೆ ‘ದುಡಿಯದೆ ಪಡೆದ’ ಎಂಬ ಒಂದೇ ಕಾರಣಕ್ಕೆ ಬೂಸ್ಟನ್ನು ಖಂಡಿಸುವ ಹಕ್ಕು ನಮಗಿಲ್ಲ. ನಾವು ಪಡೆದವುಗಳಲ್ಲಿ ಎಷ್ಟು ನಮ್ಮ ದುಡಿಮೆಯಿಂದ ಬಂದಿದೆ? ತಾಯಿಯ ಹಾಲು, ನುಡಿದ ಭಾಷೆ, ಅಜ್ಜ ನೆಟ್ಟ ತೆಂಗು ಯಾವುದನ್ನೂ ನಾವು ಸಂಪಾದಿಸಲಿಲ್ಲ.

ಅಷ್ಟೇ ಅಲ್ಲ, ‘ಬೆವರಿನ’ ವಾದದಲ್ಲಿ ಇನ್ನೊಂದು ಕುರುಡುತನವೂ ಇದೆ. ದಿನಕ್ಕೆ ಐದು ಗಂಟೆ ಆಟಕ್ಕೆ ಮುಡಿಪಿಡಬಲ್ಲವನು ಕಾಲದಲ್ಲಿ ಸಿರಿವಂತ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವನು ಕಾಲದಲ್ಲಿ ಬಡವ. ಒಬ್ಬನಿಗೆ ತನ್ನ ಸಿರಿಯನ್ನು ವ್ಯಯಿಸಲು ಬಿಟ್ಟು, ಇನ್ನೊಬ್ಬ ತನ್ನ ಸಂಬಳದ ಪಾಲನ್ನು ವ್ಯಯಿಸಿದರೆ ಹಳಿಯುವುದು ನ್ಯಾಯವೇ? ನಮ್ಮ ಹುಡುಗನ ಅಣ್ಣ ಹಣ ತೆತ್ತದ್ದು ಮೆರೆಯುವುದಕ್ಕಲ್ಲ, ತಮ್ಮನ ಬಳಿಗೆ ಬೇಗ ತಲುಪುವುದಕ್ಕೆ. ಆ ಹಣದಲ್ಲಿ ಪ್ರೀತಿಯಿತ್ತು.

ಕೊಡುಗೆಯೂ ಕ್ರಯವೂ

ಹಾಗಿದ್ದರೆ ತಮ್ಮನ ನೋವು ಬರಿಯ ಹೊಟ್ಟೆಕಿಚ್ಚೇ? ಅಲ್ಲ. ಆತ ಅಣ್ಣನ ಏರಿಕೆಗೆ ಕರುಬಲಿಲ್ಲ. ಅಣ್ಣನಿಗೆ ತಾನು ಬೇಕಾಗಲೇ ಇಲ್ಲವಲ್ಲ ಎಂದು ನೊಂದ. ಕೊಡಬೇಕೆಂದು ಎರಡು ವರ್ಷ ಕೂಡಿಟ್ಟಿದ್ದ ಬುತ್ತಿಯನ್ನು ಬಿಚ್ಚುವ ಮೊದಲೇ ಅಣ್ಣ ಅಂಗಡಿಯಲ್ಲಿ ಉಂಡು ಬಂದಿದ್ದ.

ದ್ರಾಕ್ಷಾತೋಟದ ಕೊನೆಯ ಕೂಲಿಗೂ ಬೂಸ್ಟ್‌ಗೂ ಇರುವ ಅಂತರ ಇಲ್ಲಿದೆ. ಆ ಕೂಲಿ ಒಡೆಯನ ಕೊಡುಗೆ. ಬೂಸ್ಟ್ ಒಂದು ಕ್ರಯ. ಎರಡರಲ್ಲೂ ಪಡೆದವನು ದುಡಿದಿರುವುದಿಲ್ಲ, ನಿಜ. ಆದರೆ ಕೊಡುಗೆ ಕೊಟ್ಟವನಿಗೂ ಪಡೆದವನಿಗೂ ನಡುವೆ ಒಂದು ನಂಟು ಕಟ್ಟುತ್ತದೆ. ಋಣ ಉಳಿಯುತ್ತದೆ, ನೆನಪು ಉಳಿಯುತ್ತದೆ. ಕ್ರಯದಲ್ಲಿ ದುಡ್ಡು ಕೈಬದಲಾದೊಡನೆ ಲೆಕ್ಕ ಚುಕ್ತಾ; ಯಾರಿಗೆ ಯಾರೂ ಬೇಕಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಸಿಮೋನ, ಪವಿತ್ರಾತ್ಮರ ವರವನ್ನೀಯುವ ಅಧಿಕಾರವನ್ನು ಹಣ ಕೊಟ್ಟು ಕೊಳ್ಳಬಯಸಿದಾಗ ಸಂತ ಪೇತ್ರರು ಕಟುವಾಗಿ ಗದರಿಸಿದರು. ಅಧಿಕಾರವನ್ನು ಬಯಸಿದ್ದಕ್ಕಿಂತ, ಕೊಡುಗೆಯನ್ನು ಸರಕೆಂದು ತಿಳಿದದ್ದೇ ಅವನ ದೋಷ. ಆಟದ ಹಂತವೇನೂ ಪವಿತ್ರ ವಸ್ತುವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅತಿರೇಕವಾದೀತು. ಆದರೂ ಬೆಲೆ ಕಟ್ಟಿದೊಡನೆ ಸ್ವಭಾವವೇ ಬದಲಾಗುವ ಕೆಲವು ಸಂಗತಿಗಳಿವೆ ಎಂಬ ಎಚ್ಚರ ಎರಡು ಕಡೆಗೂ ಸಲ್ಲುತ್ತದೆ.

ನಮ್ಮ ಮೊಂತಿ ಹಬ್ಬದ ಹೂವುಗಳನ್ನೇ ನೋಡೋಣ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ನನ್ನ ಬಾಲ್ಯದಲ್ಲಿ ನಾವು ಗುಡ್ಡೆ ಹತ್ತಿ, ತೋಡು ದಾಟಿ, ನೆರೆಯ ಹಿಂದೂ ಮನೆಯ ಅಮ್ಮನ ಬಳಿ ದಾಸವಾಳ ಬೇಡಿ, ರಥಪುಷ್ಪಕ್ಕಾಗಿ ಜಗಳವಾಡಿ, ಕೊನೆಗೆ ಹೂ ಸಿಗದವನ ಬುಟ್ಟಿಗೆ ನಮ್ಮದರಿಂದ ಒಂದು ಹಿಡಿ ಹಾಕಿ ಇಗರ್ಜಿ ಸೇರುತ್ತಿದ್ದೆವು. ಇಂದು ಅನೇಕ ಮಕ್ಕಳ ಬುಟ್ಟಿ ಮಾರುಕಟ್ಟೆಯ ಸೇವಂತಿಗೆಯಿಂದ ತುಂಬುತ್ತದೆ. ಅವರನ್ನು ನಾನು ಗದರಿಸಲಾರೆ. ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆಯುವ ಮಗು ಗುಡ್ಡೆಯನ್ನು ಎಲ್ಲಿಂದ ತಂದೀತು? ಕೊಂಡ ಹೂವೂ ದೇವರಿಗೆ ಪ್ರಿಯವೇ. ಆದರೆ ಎಲ್ಲರೂ ಕೊಂಡೇ ತರತೊಡಗಿದರೆ ಗುಡ್ಡೆಯ ಕಾಲುದಾರಿ ಹುಲ್ಲಿನಿಂದ ಮುಚ್ಚಿಹೋಗುತ್ತದೆ. ಆಮೇಲೆ ನಡೆದು ಹೋಗಬಯಸುವ ಮಗುವಿಗೂ ದಾರಿ ಇರುವುದಿಲ್ಲ, ಜೊತೆಯೂ ಇರುವುದಿಲ್ಲ.

ಬೂಸ್ಟ್‌ನ ಹಾನಿಯೂ ಇದೇ ರೀತಿಯದು. ಒಬ್ಬನ ಖರೀದಿಯಿಂದ ಮಹಾ ಅನರ್ಥವೇನೂ ಆಗದು. ಆದರೆ ಬಹುಮಂದಿ ಮೊದಲ ಹಳ್ಳಿಗಳನ್ನು ಹಾರಿ ಹೋದರೆ, ಆ ಹಳ್ಳಿಗಳು ಬರಿದಾಗುತ್ತವೆ. ಹಣವಿಲ್ಲದ ಹೊಸಬ ಅಲ್ಲಿಗೆ ಬಂದಾಗ ಕೈಹಿಡಿಯುವವರು ಯಾರೂ ಇರುವುದಿಲ್ಲ. ಒಂಟಿತನಕ್ಕೆ ಬೇಸತ್ತು ಆತನೂ ಬೂಸ್ಟ್ ಕೊಳ್ಳುತ್ತಾನೆ, ಇಲ್ಲವೇ ಹೊರಟುಹೋಗುತ್ತಾನೆ.

ಹಳ್ಳ ತೋಡುವವನೇ ಹಲಗೆ ಮಾರಿದರೆ

ಇಲ್ಲಿ ಕೊಳ್ಳುವವನಿಗಿಂತ ಮಾರುವವನ ಹೊಣೆ ಹಿರಿದು. ಆಟದ ದಾರಿ ಎಷ್ಟು ಉದ್ದ, ಎಷ್ಟು ನೀರಸ ಎಂದು ನಿರ್ಧರಿಸುವವರು ಅದನ್ನು ನಿರ್ಮಿಸಿದವರೇ. ಅಡ್ಡದಾರಿಯನ್ನು ಮಾರುವವರೂ ಅವರೇ. ರಸ್ತೆಗೆ ಹಳ್ಳ ತೋಡಿದವನೇ ಅದನ್ನು ದಾಟಲು ಹಲಗೆ ಮಾರುವಂತಾದರೆ, ಹಳ್ಳ ಮುಚ್ಚುವ ಆಸೆ ಅವನಿಗೆ ಉಳಿದೀತೇ? ಎಲ್ಲ ಕಂಪನಿಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಪ್ರಲೋಭನೆ ಎಲ್ಲರಿಗೂ ಇದೆ ಎಂದಷ್ಟೇ ಹೇಳುತ್ತೇನೆ. ಅದನ್ನು ಗುರುತಿಸಿ ಹಿಂದೆಗೆದ ಉದಾಹರಣೆಯೂ ಇದೆ. ‘ಡಯಾಬ್ಲೊ 3’ ಎಂಬ ಆಟದಲ್ಲಿ 2012ರಲ್ಲಿ ಆಯುಧಗಳನ್ನು ನಿಜವಾದ ಹಣಕ್ಕೆ ಕೊಡುಕೊಳ್ಳುವ ಸಂತೆಯನ್ನು ತೆರೆಯಲಾಯಿತು. ವೈರಿಗಳನ್ನು ಗೆದ್ದು ಆಯುಧ ಗಳಿಸುವುದೇ ಆ ಆಟದ ಜೀವಾಳ. ಸಂತೆ ಅದನ್ನೇ ಕೊರೆಯುತ್ತಿದೆಯೆಂದು ಕಂಪನಿಯೇ ಒಪ್ಪಿಕೊಂಡು 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು.

ಕಾನೂನು ಈ ಪ್ರಶ್ನೆಯನ್ನು ನಮ್ಮ ಪರವಾಗಿ ಬಿಡಿಸಿಕೊಡದು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ಅಸಿಂಧುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆಯೂ ಹಣ ಹೂಡಿ ಹಣ ಗೆಲ್ಲುವ ಆಟಗಳನ್ನೇ ಗುರಿಯಾಗಿಸಿದೆ. ಜೂಜಿನಿಂದ ಕುಟುಂಬಗಳು ಬೀದಿಗೆ ಬೀಳುವುದನ್ನು ತಡೆಯುವುದು ಸರಕಾರದ ಕರ್ತವ್ಯವೇ ಸರಿ. ಆದರೆ ಬೂಸ್ಟ್ ಜೂಜಲ್ಲ. ಅದರಲ್ಲಿ ಪಣವಿಲ್ಲ, ಗೆಲ್ಲುವ ಹಣವೂ ಇಲ್ಲ. ಅಲ್ಲಿ ತೀರ್ಪುಗಾರ ನಮ್ಮ ಮನಸ್ಸಾಕ್ಷಿಯೇ.

ಮತ್ತೊಂದು ಮಾತನ್ನೂ ಹಳಬರಿಗೆ ಹೇಳಬೇಕು. 2021ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಹಳೆಯ ರೂಪದಲ್ಲಿ, ಹೆಚ್ಚು ಹಣ ತೆತ್ತವರಿಗೆಂದೇ ಒಂದು ವಿಶೇಷ ವಾಹನ ದೊರೆಯುತ್ತಿತ್ತು. ಅದನ್ನು ಏರಿ ಬಂದವರನ್ನು ಕಂಡಲ್ಲೆಲ್ಲ ಕೆಲವರು ತಮ್ಮ ಪಾತ್ರಗಳಿಂದ ಉಗುಳುವ ಸಂಜ್ಞೆ ಮಾಡಿಸತೊಡಗಿದರು. ಕೊನೆಗೆ ಆ ಸಂಜ್ಞೆಯನ್ನು ಇತರರ ಮೇಲೆ ಬಳಸದಂತೆ ಕಂಪನಿ ತಡೆಯಬೇಕಾಯಿತು. ಸಮುದಾಯವನ್ನು ಕಾಪಾಡುವ ಹೆಸರಿನಲ್ಲಿ ಮನುಷ್ಯನ ಮೇಲೆ ಉಗುಳುವವನು ಯಾವ ಸಮುದಾಯವನ್ನು ಕಾಪಾಡುತ್ತಿದ್ದಾನೆ? ನಮ್ಮ ಹುಡುಗನ ಅಣ್ಣ ಆಟ ಬಿಟ್ಟದ್ದು ಬೂಸ್ಟ್‌ನಿಂದಲ್ಲ. ತಿಳಿಯದವನಿಗೆ ತಿಳಿಸುವ ಬದಲು ಗೇಲಿ ಮಾಡಿದವರಿಂದ.

ಹಾಗಾದರೆ ನನ್ನ ಅಭಿಪ್ರಾಯವೇನು? ಹಣ ಕೊಟ್ಟು ಹಂತ ಏರುವುದು ತನ್ನಷ್ಟಕ್ಕೆ ಪಾಪವಲ್ಲ. ಆದರೆ ಇನ್ನೊಬ್ಬನಿಂದ ಪಡೆಯಬಹುದಾದುದನ್ನು ಅಂಗಡಿಯಿಂದ ಪಡೆದಾಗಲೆಲ್ಲ ಒಬ್ಬನ ಕೊಡುವ ಭಾಗ್ಯವನ್ನು ನಾವು ಕಸಿಯುತ್ತೇವೆ. ಇದು ಅಭ್ಯಾಸವಾದರೆ ಸಮುದಾಯ ಸೊರಗುತ್ತದೆ. ಹೊರಗಿನಿಂದ ಎಲ್ಲರೂ ಎತ್ತರದಲ್ಲಿದ್ದಂತೆ ಕಾಣುತ್ತಾರೆ. ಒಳಗೆ ಯಾರಿಗೂ ಯಾರೂ ಆಗಿಬರುವುದಿಲ್ಲ.

ಪ್ರಿಯ ಹೆತ್ತವರೇ, ಮಕ್ಕಳು ಆಟಕ್ಕೆ ಎಷ್ಟು ಖರ್ಚು ಮಾಡುತ್ತಾರೆಂದು ವಿಚಾರಿಸುವುದು ನಿಮ್ಮ ಹಕ್ಕು. ನಿಮ್ಮ ಮೊಬೈಲಿನಿಂದ ಕೇಳದೆ ಹಣ ಹೋದರೆ ಅದನ್ನು ಕಳವೆಂದೇ ತಿಳಿಸಿ ತಿದ್ದಿರಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. “ಯಾರೊಂದಿಗೆ ಆಡುತ್ತೀ? ನೀನು ಒಂದು ದಿನ ಬಾರದಿದ್ದರೆ ಯಾರಾದರೂ ಕಾಯುತ್ತಾರೆಯೇ? ಹೊಸಬನಿಗೆ ಎಂದಾದರೂ ದಾರಿ ತೋರಿಸಿದ್ದೀಯಾ?” ಎಂದೂ ಕೇಳಿರಿ. ಹಾಗೆಯೇ ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಅಜ್ಜಿಯಿಂದ ಕಲಿಯಬಹುದಾದ ಅಡುಗೆಯನ್ನು ಪೊಟ್ಟಣದಲ್ಲಿ ಕೊಂಡೆವು. ಅಪ್ಪ ಹೇಳಿಕೊಡಬಹುದಾದ ಪಾಠಕ್ಕೆ ಟ್ಯೂಷನ್ ಹಿಡಿದೆವು. ಕಾರಣಗಳು ನಿಜವಾಗಿಯೂ ಇವೆ, ಸಮಯ ನಿಜವಾಗಿಯೂ ಇಲ್ಲ. ಆದರೂ ವಾರದಲ್ಲಿ ಒಂದನ್ನಾದರೂ ಕೊಳ್ಳದೆ ಕೇಳಿ ಪಡೆಯಲಾಗದೇ?

ಕಳೆದ ಕ್ರಿಸ್ಮಸ್‌ಗೆ ಆ ಅಣ್ಣ ರಜೆಯಲ್ಲಿ ಊರಿಗೆ ಬಂದಿದ್ದ. ತಮ್ಮನ ಮನಸ್ಸಿನಲ್ಲಿದ್ದುದನ್ನು ತಿಳಿಸಿದಾಗ ಆತ ಕ್ಷಣಕಾಲ ಸುಮ್ಮನಾದ. “ನನಗೆ ಗೊತ್ತೇ ಇರಲಿಲ್ಲ ಫಾದರ್. ಬೇಗ ಅವನ ಹತ್ತಿರ ತಲುಪಬೇಕೆಂದಷ್ಟೇ ಇತ್ತು” ಎಂದ. ‘ಆಟವೇ ತಾನೇ’ ಎಂದಿದ್ದಕ್ಕೆ ನಾನೂ ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಈಗ ಇಬ್ಬರೂ ಮೊದಲ ಹಂತದಿಂದ ಹೊಸ ಪಾತ್ರಗಳನ್ನು ಆರಂಭಿಸಿದ್ದಾರೆ. ಅಣ್ಣನಿಗೆ ವಾರದ ರಜೆ ಇರುವ ದಿನ ಒಂದು ಗಂಟೆ ಮಾತ್ರ ಆಟ. ಅದರಲ್ಲೂ ಅರ್ಧ ಹೊತ್ತು ಮನೆಯ ಸುದ್ದಿಯೇ ಆಗಿಹೋಗುತ್ತದಂತೆ. ಮೊನ್ನೆ ಸಿಕ್ಕಾಗ ಎಲ್ಲಿಯವರೆಗೆ ಬಂತೆಂದು ವಿಚಾರಿಸಿದೆ.

“ಇನ್ನೂ ಹನ್ನೊಂದನೆಯ ಹಂತ ಫಾದರ್. ಅಣ್ಣ ತುಂಬ ನಿಧಾನ” ಎಂದು ಆತ ನಕ್ಕ.